ಅಕ್ಕನ ಕೋಟಿನ ಅಳತೆ

ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸುವಾಗ ಅದರ ಮೇಲೆ ಕೂತಿದ್ದ ಐದು ವರ್ಷದ ಧೂಳೆಲ್ಲ ಅಜ್ಜಿಯ ಬೇಳೆಯ ಮೊರಕ್ಕೆ ಸುರಿಯಿತು.

“ಒಂದು ಮಾತು ಹೇಳಬಾರದೇನೇ? ಮೊರ ಎತ್ತಿಟ್ಕೊಳ್ತಿದ್ದೆ,” ಎಂದಳು ಅಜ್ಜಿ.

“ಹೇಳಿದ್ರೆ ಇಳಿಸೋಕೆ ಬಿಡ್ತಿದ್ಯಾ?” ಎಂದಳು ಏಣಿಯ ಮೇಲಿದ್ದ ಮಗಳು.

ಬಿಡುತ್ತಿರಲಿಲ್ಲ. ಅಜ್ಜಿ ಬೇಳೆಯನ್ನು ಇನ್ನೊಮ್ಮೆ ಕೇರಲು ಕೂತಳು.

ಪೆಟ್ಟಿಗೆಯಲ್ಲಿದ್ದದ್ದು ಮುತ್ತುವಿನ ಸಾಮಾನು. ಮುತ್ತು ಆ ಮನೆಯ ಹಿರಿಯ ಮೊಮ್ಮಗಳು. ಏಳು ವರ್ಷದವಳಿದ್ದಾಗ ಜ್ವರ ಬಂತು. ವಾರ ತುಂಬುವುದರೊಳಗೆ ಕೊಟ್ಟವನು ವಾಪಸು ಕೇಳಿದ. ಅವನು ಕೇಳಿದರೆ ಇಲ್ಲ ಅನ್ನುವವರು ಯಾರು ಎಂದು ಅಜ್ಜಿ ಎದೆ ಗಟ್ಟಿ ಮಾಡಿಕೊಂಡಳು. ಮುತ್ತುವಿನ ಅಮ್ಮನಿಗೆ ಅದು ಸಾಧ್ಯವಾಗಲಿಲ್ಲ. ಅವಳು ಮುಂದಿನ ಕೋಣೆಯಲ್ಲಿ ಬೀದಿಯವರ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಇಸ್ತ್ರಿ ಪೆಟ್ಟಿಗೆ ಆರಿಸಿದ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಒಲೆ ಅಜ್ಜಿಯ ಪಾಲಿಗೆ ಬಂತು. ಆಗಿನ್ನೂ ಎರಡು ವರ್ಷದ ಕೂಸಾಗಿದ್ದ ಕಿರಿಯವಳೂ ಅಜ್ಜಿಯ ಪಾಲಿಗೇ ಬಂದಳು.

ಆ ಕಿರಿಯವಳೇ ಗುಂಡು. ಕೆನ್ನೆ ದುಂಡು, ಹೊಟ್ಟೆ ದುಂಡು, ಕೊನೆಗೆ ಹೆಸರೂ ಹಾಗೇ ಆಯಿತು. ಈಗ ಅವಳಿಗೂ ಏಳು ವರ್ಷ.

ಏಣಿ ಹತ್ತಿದವಳು ಅಜ್ಜಿಯ ಕೊನೆಯ ಮಗಳು. ಗುಂಡುವಿಗೆ ಸಣ್ಣತ್ತೆ, ಆದ್ದರಿಂದ ಮನೆಗೆಲ್ಲ ಸಣ್ಣತ್ತೆ. ಎರಡು ಬೀದಿ ಆಚೆ ಕೋಣೆ ಹಿಡಿದು ಮದುವೆಗಳ ವಿಡಿಯೋ ತೆಗೆಯುತ್ತಿದ್ದಳು. ಮಂದಿಯ ಸಂತೋಷ ತೆಗೆದು ತೆಗೆದು ಅವಳಿಗೆ ಸಾಕಾಗಿತ್ತು. ಸ್ವಂತದ್ದೊಂದು ಮಾಡಬೇಕು ಎಂಬ ಆಸೆ.

“ಅತ್ತಿಗೆ, ಇದು ಡಾಕ್ಯುಮೆಂಟರಿ. ನಮ್ಮ ಮನೇದು,” ಎಂದು ಅಮ್ಮನ ಇಸ್ತ್ರಿ ಮೇಜಿನ ಮೇಲೆಯೇ ಪೆಟ್ಟಿಗೆ ಇಟ್ಟಳು. “ಒಂದೊಂದೇ ಸಾಮಾನು ಕೈಗೆ ತಗೊಳ್ಳಿ, ಬಾಯಿಗೆ ಬಂದಿದ್ದು ಹೇಳಿ. ಅಷ್ಟೇ. ಹೀಗೇ ಬಾಯಿ ಮುಚ್ಕೊಂಡಿದ್ರೆ ಇನ್ನು ಸ್ವಲ್ಪ ವರ್ಷಕ್ಕೆ ಮುತ್ತು ಅಂದ್ರೆ ಗೋಡೆ ಮೇಲಿರೋ ಒಂದು ಫೋಟೋ.”

ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟಳು. ಬಹಳ ಹೊತ್ತು ತಗಡಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ನಿಂತಳು. ಆಮೇಲೆ ತೆರೆದಳು.

“ದುಃಖಕ್ಕೂ ಹೊಟ್ಟೆ ಇರುತ್ತೆ ಕಣೇ,” ಎಂದಳು ಅಜ್ಜಿ ಅಡುಗೆಮನೆಯಿಂದ. “ಮಲಗಿರೋದನ್ನ ಎಬ್ಬಿಸಿದ್ರೆ ಊಟ ಕೇಳುತ್ತೆ.”

“ಅಮ್ಮಾ, ನೀನು ಮಾತಾಡಿದ್ದೂ ರೆಕಾರ್ಡ್ ಆಗ್ತಿದೆ.”

“ಆಗ್ಲಿ ಬಿಡು. ನಾನೇನು ಸುಳ್ಳು ಹೇಳಿದ್ನಾ?”

ಮೊದಲ ಭಾನುವಾರ ಹೊರಬಂದದ್ದು ಅಂಚು ಹಾರಿದ ಒಂದು ಬಟ್ಟಲು, ಒಂಟಿ ಶೂ, ತುದಿ ಕಚ್ಚಿದ ಪೆನ್ಸಿಲು. ಅಮ್ಮ ಪೆನ್ಸಿಲನ್ನು ಹಿಡಿದು, “ಬಾಯಿಗೆ ಹಾಕ್ಬೇಡ ಅಂತ ದಿನಾ ಬೈತಿದ್ದೆ, ಒಂದ್ಸಲ ಹೊಡೆದೂ ಬಿಟ್ಟೆ,” ಎಂದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು.

“ಇನ್ನೊಂದ್ಸಲ ಹೇಳಿ ಅತ್ತಿಗೆ.”

ಎರಡನೆಯ ಸಲ ಹೇಳುವಾಗ ಹೊಡೆತ ಬಿಟ್ಟುಹೋಯಿತು. ಬೀದಿಯಲ್ಲಿ ಹಾರ್ನ್ ಹೊಡೆದದ್ದಕ್ಕೆ ಮತ್ತೊಮ್ಮೆ ಹೇಳಿದಾಗ ಬೈಗುಳವೂ ಹೋಯಿತು. ಕೊನೆಗೆ ಉಳಿದದ್ದು, ಯಾವತ್ತೂ ಹಟ ಮಾಡದ, ಸದ್ದಿಲ್ಲದೆ ಮೂಲೆಯಲ್ಲಿ ಕೂತು ಬರೆಯುತ್ತಿದ್ದ ಒಂದು ಮಗು. ಬಾಗಿಲಲ್ಲಿ ಕೂತು ಕೇಳುತ್ತಿದ್ದ ಗುಂಡು ಆ ಮಗುವನ್ನು ಕಣ್ಣರಳಿಸಿ ನೋಡಿದಳು. ಅಜ್ಜಿಗೆ ಮಾತ್ರ ಇದು ಯಾರ ಕಥೆ ಎಂದು ತಿಳಿಯಲಿಲ್ಲ. ಅವಳು ಎತ್ತಿ ಆಡಿಸಿದ್ದ ಮುತ್ತು, ಬೆಕ್ಕಿನ ಬಾಲ ಎಳೆದು ಗೀರಿಸಿಕೊಂಡು ಬರುತ್ತಿದ್ದವಳು.

ಮದುವೆಯ ವಿಡಿಯೋದವರಲ್ಲಿ ಒಂದು ಪದ್ಧತಿ ಇದೆ. ಗಡಿಬಿಡಿಯಲ್ಲಿ ಏನಾದರೂ ತಪ್ಪಿಹೋದರೆ ಅದನ್ನು ಮತ್ತೆ ಮಾಡಿಸಿ ತೆಗೆದು ನಡುವೆ ಅಂಟಿಸುತ್ತಾರೆ. ಅದಕ್ಕೆ ಪ್ಯಾಚು ಎನ್ನುತ್ತಾರೆ. ಸಣ್ಣತ್ತೆ ಅದರಲ್ಲಿ ಪಳಗಿದ ಕೈ. ಮದುಮಗಳ ಅಪ್ಪ ಅತ್ತದ್ದು ತಪ್ಪಿಹೋದರೆ ಊಟದ ಮನೆಯಿಂದ ಅವನನ್ನು ಎಬ್ಬಿಸಿಕೊಂಡು ಬಂದು ಮತ್ತೆ ಅಳಿಸುವವಳು. ಮದುಮಗ ಶೌಚಕ್ಕೆ ಹೋಗಿದ್ದರೆ ಅವನ ತಮ್ಮನಿಗೇ ಕೋಟು ತೊಡಿಸಿ ಬೆನ್ನ ಕಡೆಯಿಂದ ವಿಡಿಯೋ ತೆಗೆಯುವವಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಎರಡನೆಯ ಭಾನುವಾರ ಪೆಟ್ಟಿಗೆಯ ತಳದಿಂದ ಹಸಿರು ಕೋಟು ಬಂತು. ಅಪ್ಪನ ಹಳೆಯ ಕೋಟನ್ನು ಕತ್ತರಿಸಿ ಅಮ್ಮನೇ ಹೊಲಿದದ್ದು. ದೊಡ್ಡ ದೊಡ್ಡ ಗುಂಡಿಗಳು. ಅಮ್ಮ ಅದನ್ನು ಮುಖಕ್ಕೆ ಒತ್ತಿಕೊಂಡವಳು ಮಾತೇ ಆಡಲಿಲ್ಲ. ಕ್ಯಾಮೆರಾಕ್ಕೆ ಏನೂ ಸಿಗಲಿಲ್ಲ. ಸಣ್ಣತ್ತೆಯ ಕೈ ತನ್ನ ರೂಢಿಯ ಕಡೆಗೆ ಹೋಯಿತು.

“ಗುಂಡೂ, ಬಾ ಇಲ್ಲಿ. ಅಕ್ಕನ ಕೋಟು ಹಾಕ್ಕೊಂಡು ಬೀದಿ ಕಡೆ ನಡಿ. ಹಿಂದಿನಿಂದ ತೆಗೀತೀನಿ, ಮುಖ ಬರಲ್ಲ.”

ಗುಂಡಿಗಳು ಕೂಡಲಿಲ್ಲ. ಬೆನ್ನಿನ ಬಟ್ಟೆ ಬಿಗಿದು ಮೇಲೇರಿತು.

“ಉಸಿರು ಒಳಗೆ ಎಳ್ಕೋ. ಇನ್ನೂ ಎಳ್ಕೋ! ಮುತ್ತು ನಿನ್ನ ಹಾಗೆ ಡುಮ್ಮಿ ಅಲ್ಲ ಮಾರಾಯ್ತಿ, ಕಡ್ಡಿ ಹಾಗಿದ್ಲು.”

ಎಲ್ಲರೂ ನಕ್ಕರು. ಗುಂಡುವೂ ನಕ್ಕಳು.

“ಓಡುವಾಗ ಒಂದು ಕಾಲು ಹೊರಗೆ ಹಾಕ್ತಿದ್ಲು, ಅಲ್ವಾ ಅತ್ತಿಗೆ? ಹಾಗೆ ಹಾಕು ಗುಂಡು. ಹಾಂ, ಹಾಗೇ.”

ಗುಂಡು ಉಸಿರು ಬಿಗಿಹಿಡಿದು, ಎಡಗಾಲು ಹೊರಗೆ ಹಾಕಿಕೊಂಡು ಬಾಗಿಲು ದಾಟಿದಳು. ಆಗ ಅಮ್ಮನ ಬಾಯಿಂದ ತಾನಾಗಿ ಮಾತು ಬಂತು: “ಮುತ್ತೂ, ನಿಧಾನ! ಮೆಟ್ಟಿಲು!”

ಐದು ವರ್ಷದಿಂದ ಆ ಮನೆಯಲ್ಲಿ ಯಾರೂ ಕೇಳದಿದ್ದ ದನಿ ಅದು. ಸಣ್ಣತ್ತೆಗೆ ರೋಮಾಂಚನವಾಯಿತು. “ಅದೇ ಅತ್ತಿಗೆ, ಅದೇ! ಇನ್ನೊಂದ್ಸಲ!” ಎಂದಳು.

ಹೊತ್ತು ಇಳಿಯುವವರೆಗೆ ಗುಂಡು ಬಾಗಿಲು ದಾಟಿದಳು. ಸಂಜೆ ಅಮ್ಮ ಮಲಗಲಿಲ್ಲ. ಅಡುಗೆಮನೆಗೆ ಬಂದು ಹಿಟ್ಟು ಕಲಸಿದಳು, ಗುಂಡುವನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು. ಅಪ್ಪ ಕೈಕಾಲು ತೊಳೆದು ಬಂದವನು ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಆ ರಾತ್ರಿ ಗುಂಡು ಒಂದು ರೊಟ್ಟಿ ತಿಂದು, ಇನ್ನೊಂದು ಬೇಡ ಎಂದಳು.

ಅಂದಿನಿಂದ ಮನೆಗೆ ಕಳೆ ಬಂತು. ಬೀದಿಯವರೂ ಅದನ್ನು ಹೇಳಿದರು. ಅಮ್ಮ ಇಸ್ತ್ರಿ ಹಾಕುತ್ತ ಗುನುಗುತ್ತಿದ್ದಳು. ಭಾನುವಾರ ಬರುವುದನ್ನೇ ಕಾಯುತ್ತಿದ್ದವಳು, ಆಮೇಲೆ ಭಾನುವಾರಕ್ಕೂ ಕಾಯಲಿಲ್ಲ. ಶಾಲೆಯಿಂದ ಬಂದ ಗುಂಡುವಿಗೆ ದಿನವೂ ಕೋಟು ತೊಡಿಸಿ ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ‘ಮುತ್ತೂ’ ಎಂದು ಕರೆಯುತ್ತಿದ್ದಳು. ಮೊದಮೊದಲು ಗುಂಡು ಆ ಕಡೆ ಈ ಕಡೆ ನೋಡಿ ‘ಹೂಂ’ ಅನ್ನುತ್ತಿದ್ದಳು. ಬರಬರುತ್ತ ನೋಡದೆಯೇ ಅನ್ನತೊಡಗಿದಳು. ಏನು ಹೇಳಿದರೂ ಹೂಂ. ಹಾಸಿಗೆ ಸುತ್ತು ಅಂದರೆ ಹೂಂ, ಆಟಕ್ಕೆ ಹೋಗಬೇಡ ಅಂದರೆ ಹೂಂ.

“ಎಷ್ಟು ಜಾಣೆ ಆಗ್ಬಿಟ್ಲು ನೋಡಿ ಅತ್ತೆ,” ಎಂದಳು ಅಮ್ಮ.

ಅಜ್ಜಿ ಬೀದಿಯ ಕಡೆ ನೋಡಿದಳು. ಹಿಂದಿನ ದಿನ ಬೀದಿಯ ತುದಿಯಲ್ಲಿ ಶಾಲೆಯ ಮಕ್ಕಳ ನಡುವೆ ಎಡಗಾಲು ಹೊರಗೆ ಹಾಕಿಕೊಂಡು ಒಂದು ಮಗು ಬರುತ್ತಿತ್ತು. ಅಲ್ಲಿ ಕ್ಯಾಮೆರಾ ಇರಲಿಲ್ಲ. ಅಜ್ಜಿಯ ಕೈಯಲ್ಲಿದ್ದ ಚೀಲ ಜಾರಿ ಬಿದ್ದಿತ್ತು.

ಒಂದು ಬೆಳಿಗ್ಗೆ ಕಸ ಗುಡಿಸುವಾಗ ಮಂಚದ ಕೆಳಗೆ ಇರುವೆಯ ಸಾಲು ಕಂಡಿತು. ಹೊಸಲಿನಿಂದ ಹೊರಟು ಗೋಡೆಯ ಮೂಲೆಗೆ ಹೋಗುತ್ತಿತ್ತು. ಅಜ್ಜಿ ಬಗ್ಗಿ ಕೈ ಹಾಕಿದಳು. ಶಾಲೆಯ ಹಳೆಯ ಕಾಗದದಲ್ಲಿ ಸುತ್ತಿದ ರೊಟ್ಟಿ, ಒಣಗಿ ಕಲ್ಲಾದ ಅನ್ನದ ಮುದ್ದೆ, ಸುಲಿದು ಹಾಗೇ ಇಟ್ಟ ಮೊಟ್ಟೆ. ಒಂದರ ಹಿಂದೆ ಒಂದು ಪೊಟ್ಟಣ. ಇರುವೆಗಳು ಆ ಮನೆಯ ಊಟವನ್ನೆಲ್ಲ ಸದ್ದಿಲ್ಲದೆ ಹೊರಗೆ ಸಾಗಿಸುತ್ತಿದ್ದವು.

“ಏನವ್ವಾ ಇದು?” ಎಂದು ಅಜ್ಜಿ ಗುಂಡುವನ್ನು ಬಚ್ಚಲ ಹತ್ತಿರ ಹಿಡಿದು ಕೇಳಿದಳು.

“ಹೊಟ್ಟೆ ತುಂಬಿತ್ತು ಅಜ್ಜಿ.”

“ದಿನಾನಾ?”

ಗುಂಡು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. “ಅಜ್ಜೀ, ಅಕ್ಕ ಎಂಟು ವರ್ಷದವಳಾದಾಗ ಹೇಗಿದ್ಲು?”

“ಅವಳಿಗೆ ಎಂಟು ತುಂಬಲೇ ಇಲ್ಲ ಕಂದ.”

“ಹಾಗಾದ್ರೆ ನನಗೂ ತುಂಬಬಾರ್ದಾ?”

ಅಜ್ಜಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. “ಬಿಡ್ತು ಅನ್ನು! ಬಿಡ್ತು ಅನ್ನೇ!” ಎಂದು ಅಂಗೈಯಿಂದ ಅವಳ ಬೆನ್ನು ನೀವಿದಳು. ಬೆನ್ನ ಮೂಳೆಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು.

ಪೊಟ್ಟಣಗಳನ್ನು ಹಾಗೇ ತಂದು ಇಸ್ತ್ರಿ ಮೇಜಿನ ಮೇಲೆ ಹರಡಿದಳು. “ನೋಡು ತಾಯಿ, ನಿನ್ನ ಜಾಣೆ ಮಾಡಿರೋ ಕೆಲಸ. ಇವತ್ತಿಗೆ ಆ ಕೋಟು ಪೆಟ್ಟಿಗೆಗೆ ಹೋಗಲಿ.”

ಅಮ್ಮನ ಮುಖ ಕಪ್ಪಿಟ್ಟಿತು. “ಮಕ್ಕಳು ಅನ್ನ ಬಿಸಾಕಲ್ವಾ? ಅದಕ್ಕೂ ನನ್ನ ಕೋಟಿಗೂ ಏನು ಸಂಬಂಧ?”

“ಸಂಬಂಧ ಇದೆ. ನಿನಗೆ ಕಾಣ್ತಿಲ್ಲ.”

“ನನಗೆ ಕಾಣೋದು ಒಂದೇ ಅತ್ತೆ. ನಾನು ಅಳ್ತಾ ಬಿದ್ದಿದ್ದಾಗ ಮನೆ ನಿಮ್ಮ ಕೈಲಿತ್ತು, ಮಗೂನೂ ನಿಮ್ಮ ಕೈಲಿತ್ತು. ಈಗ ಎದ್ದು ಕೂತೆ. ಅದು ನಿಮಗೆ ಸಹಿಸೋಕಾಗ್ತಿಲ್ಲ.”

ಬಿಸಿ ಇಸ್ತ್ರಿಯ ಕೆಳಗೆ ಯಾರದ್ದೋ ಬಿಳಿ ಅಂಗಿ ಕಮರಿತು. ಇಬ್ಬರೂ ಇಸ್ತ್ರಿ ಎತ್ತಲಿಲ್ಲ.

ಅಜ್ಜಿ ಮಗನಿಗೆ ಹೇಳಿದಳು. ಅವನು ರೊಟ್ಟಿ ಮುರಿಯುತ್ತ, “ಎಷ್ಟು ದಿನದ ಮೇಲೆ ಅವಳು ನಗ್ತಿದ್ದಾಳೆ ಅಮ್ಮಾ. ಈಗ ನೀನೊಂದು ಶುರು ಮಾಡ್ಬೇಡ. ಮಕ್ಕಳು ಬೆಳೆಯುವಾಗ ತೆಳ್ಳಗಾಗ್ತಾರೆ,” ಎಂದ. ದೇವರ ಮುಂದೆ ಕೈಮುಗಿದು ಕೂತ ಅಜ್ಜಿಗೆ ಅಂದು ಏನು ಕೇಳಿಕೊಳ್ಳಬೇಕೆಂದೇ ತೋಚಲಿಲ್ಲ. ತಾಯಿಯನ್ನು ಮತ್ತೆ ಮಲಗಿಸಬೇಡ ಎನ್ನಬೇಕೇ, ಮಗುವನ್ನು ಉಳಿಸು ಎನ್ನಬೇಕೇ? ಎರಡನ್ನೂ ಕೇಳದೆ ಎದ್ದಳು.

ಅಪ್ಪನದು ತಕ್ಕಡಿ ರಿಪೇರಿಯ ಕಸುಬು. ಮಾರುಕಟ್ಟೆಯ ಅಂಗಡಿಗಳ ತೂಕದ ಯಂತ್ರಗಳೆಲ್ಲ ಅವನ ಕೈಗೇ ಬರುತ್ತಿದ್ದವು. ಕೆಲಸ ಉಳಿದರೆ ಮನೆಗೂ ತರುತ್ತಿದ್ದ. ಕಬ್ಬಿಣದ ತೂಕದ ಕಲ್ಲುಗಳು ಅಂಗಡಿಯಲ್ಲೇ ಇರುತ್ತಿದ್ದುದರಿಂದ, ಮನೆಯಲ್ಲಿ ಪರೀಕ್ಷೆಗೆ ಗುಂಡುವನ್ನೇ ಹತ್ತಿಸುತ್ತಿದ್ದ. ಅವಳ ತೂಕ ಅವನಿಗೆ ಬಾಯಿಪಾಠ. ಅದು ಅಪ್ಪ ಮಗಳ ಆಟವೂ ಹೌದು, ಕೆಲಸವೂ ಹೌದು.

ಆ ವಾರ ಧಾನ್ಯದ ಅಂಗಡಿಯ ಯಂತ್ರ ತಂದಿದ್ದ. ಮೂಟೆ ಇಡುವ ಹಲಗೆಯದು. “ಬಾರೇ ನನ್ನ ತೂಕದ ಕಲ್ಲೇ,” ಎಂದು ಕರೆದ. ಗುಂಡು ಬಂದು ನಿಂತಳು. ಮುಳ್ಳು ಬರಬೇಕಾದಲ್ಲಿಗೆ ಬರಲಿಲ್ಲ. ಬಹಳ ಕೆಳಗೇ ನಿಂತಿತು.

“ಸುಳ್ಳು ಹೇಳ್ತಿದೆ ದರಿದ್ರದ್ದು,” ಎಂದು ಅಪ್ಪ ಹಿಂಬದಿಯ ತಿರುಪು ತಿರುಗಿಸಿದ. ಮತ್ತೆ ಹತ್ತಿಸಿದ, ಮತ್ತೆ ತಿರುಗಿಸಿದ. ಮುಳ್ಳು ತನಗೆ ಗೊತ್ತಿದ್ದ ಜಾಗಕ್ಕೆ ಬಂದು ನಿಂತ ಮೇಲೆ ಸಮಾಧಾನದಿಂದ ಕೈ ಒರೆಸಿಕೊಂಡ. ಗುಂಡು ಇಳಿಯುವಾಗ ಮೇಜಿನ ಅಂಚು ಹಿಡಿದುಕೊಂಡಳು. “ತಲೆ ತಿರುಗ್ತಾ?” ಎಂದ. “ಇಲ್ಲಪ್ಪ,” ಎಂದಳು.

ಕೆಲವು ದಿನಗಳ ಮೇಲೆ ಧಾನ್ಯದ ಅಂಗಡಿಯವನು ಯಂತ್ರವನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದು ಅಪ್ಪನ ಅಂಗಡಿಯ ಮುಂದೆ ದೊಪ್ಪನೆ ಇಳಿಸಿದ.

“ಏನ್ರೀ ಮೇಸ್ತ್ರೀ, ರಿಪೇರಿ ಮಾಡಿ ಅಂದ್ರೆ ನನ್ನನ್ನ ಕಳ್ಳ ಮಾಡಿ ಕಳಿಸಿದ್ರಲ್ಲ! ಇಲ್ಲದ ತೂಕ ತೋರಿಸ್ತಿದೆ. ಗಿರಾಕಿಗಳು ಬೀದಿಲಿ ನಿಂತು ಬೈತಿದ್ದಾರೆ.”

“ನಾನೇ ನೋಡಿ ಕಳಿಸಿದ್ದು ಸ್ವಾಮಿ.”

“ಇನ್ನೊಂದ್ಸಲ ನೋಡಿ!”

ಅಪ್ಪ ಕಬ್ಬಿಣದ ಕಲ್ಲುಗಳನ್ನು ಒಂದೊಂದಾಗಿ ಹಲಗೆಯ ಮೇಲಿಟ್ಟ. ಮುಳ್ಳು ಓಡಿ ಗೆರೆ ದಾಟಿ ನಿಂತಿತು. ತೆಗೆದು ಮತ್ತೆ ಇಟ್ಟ. ಮತ್ತೆ ದಾಟಿತು. ಕಲ್ಲು ಹಿಡಿದಿದ್ದ ಅವನ ಕೈ ಗಾಳಿಯಲ್ಲೇ ನಿಂತುಹೋಯಿತು. ಯಂತ್ರ ಮೊದಲು ಸರಿಯಾಗಿಯೇ ಇತ್ತು. ಸವೆದದ್ದು ಮನೆಯಲ್ಲಿ ಹತ್ತಿಸಿದ ಕಲ್ಲು.

“ಏನಾಯ್ತ್ರೀ? ಮುಖ ಯಾಕೆ ಹಾಗೆ?” ಎಂದ ಅಂಗಡಿಯವನು, ಸಿಟ್ಟು ಮರೆತು.

ಅಪ್ಪ ಅಂಗಡಿಯ ಬಾಗಿಲನ್ನೂ ಎಳೆಯದೆ ನಡೆದ. ಶಾಲೆಗೆ ಹೋಗಿ ಗುಂಡುವನ್ನು ಎತ್ತಿಕೊಂಡ. ಎತ್ತಿದ ರಭಸಕ್ಕೆ ಅವಳು ಅವನ ತಲೆಯ ಮೇಲಕ್ಕೇ ಹೋದಳು. ಅಷ್ಟು ಹಗುರ. ಅಲ್ಲಿಂದ ನೇರ ವೈದ್ಯರ ಬಳಿ. ವೈದ್ಯರು ಕಣ್ಣಿನ ರೆಪ್ಪೆ ಇಳಿಸಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು.

“ಕಾಯಿಲೆ ಏನೂ ಕಾಣ್ತಿಲ್ಲ. ಮಗು ಊಟ ಮಾಡ್ತಿಲ್ಲ, ಅಷ್ಟೇ. ಆದರೆ ಈ ‘ಅಷ್ಟೇ’ ಇನ್ನು ಸ್ವಲ್ಪ ದಿನ ಹೀಗೇ ಹೋದ್ರೆ ನನ್ನ ಕೈ ಮೀರುತ್ತೆ,” ಎಂದರು.

ಸಂಜೆ ಮುಂದಿನ ಕೋಣೆಯಲ್ಲಿ ಜಗಳವಾಯಿತು. ಸಣ್ಣತ್ತೆಯನ್ನೂ ಕರೆಸಿದ್ದರು.

“ನಿನಗೆ ಸಿನಿಮಾ ಮಾಡೋಕೆ ನನ್ನ ಮಗಳೇ ಬೇಕಿತ್ತಾ?” ಎಂದು ಅಪ್ಪ ತಂಗಿಯ ಮೇಲೆ ಹರಿಹಾಯ್ದ.

“ಅಣ್ಣಾ, ಒಂದೇ ಒಂದು ಪ್ಯಾಚು ಅಂತ...”

“ಮನುಷ್ಯರಿಗೆ ಪ್ಯಾಚು ಹಾಕ್ತಾರೇನೇ?” ಎಂದು ಹೆಂಡತಿಯ ಕಡೆ ತಿರುಗಿದ. “ನೀನು ಒಂದು ದಿನ ಆದ್ರೂ ಅವಳ ತಟ್ಟೆ ನೋಡಿದ್ಯಾ?”

“ನೀವು ನೋಡಿದ್ರಾ?”

ಅಪ್ಪನ ದನಿ ಇಳಿಯಿತು. “ಇಲ್ಲ. ನಾನು ಯಂತ್ರದ ತಿರುಪು ತಿರುಗಿಸಿದೆ.”

ಆಗ ಒಳಕೋಣೆಯ ಬಾಗಿಲು ಸರಿಯಿತು. ಗುಂಡು ಹಸಿರು ಕೋಟು ತೊಟ್ಟು ಬಂದಿದ್ದಳು. ಎಲ್ಲ ಗುಂಡಿಗಳನ್ನೂ ಕುತ್ತಿಗೆಯವರೆಗೆ ಹಾಕಿದ್ದಳು. ಕೋಟಿನೊಳಗೆ ಇನ್ನೊಂದು ಮಗುವಿಗೆ ಜಾಗವಿತ್ತು.

“ಜಗಳ ಆಡ್ಬೇಡಿ. ನೋಡಿ, ಪೂರ್ತಿ ಹಿಡಿಸುತ್ತೆ ಈಗ,” ಎಂದಳು.

ಅಜ್ಜಿ ಕೋಟು ಬಿಚ್ಚಲು ಎದ್ದಳು. ಅಮ್ಮ ಮಾತ್ರ ಎರಡೂ ಕೈ ಚಾಚಿ, ಮುಖ ಅರಳಿಸಿ, “ಬಾ ಮುತ್ತೂ,” ಎಂದಳು.

ಸಣ್ಣತ್ತೆ ಎದ್ದು ತನ್ನ ಕೋಣೆಗೆ ಹೊರಟಳು.

ಮರುದಿನ ಮಧ್ಯಾಹ್ನ ಗುಂಡು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದಾಗ ಸಣ್ಣತ್ತೆ ಲ್ಯಾಪ್‌ಟಾಪ್ ತಂದು ಇಸ್ತ್ರಿ ಮೇಜಿನ ಮೇಲೆ ತೆರೆದಳು. “ಅತ್ತಿಗೆ, ಬೈಯ್ಯಿರಿ, ಹೊಡೀರಿ. ಆದರೆ ಇದನ್ನ ನೋಡಿ. ನಾನು ಕತ್ತರಿಸಿ ಬಿಸಾಡೋ ಚೂರುಗಳು ಇವು. ನಾನೂ ನೋಡಿರಲಿಲ್ಲ, ರಾತ್ರಿ ಕೂತು ನೋಡ್ದೆ.”

ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ಮೊದಲು ಕ್ಯಾಮೆರಾ ಸುಮ್ಮನೆ ಓಡುತ್ತಿದ್ದ ಹೊತ್ತಿನ ಚೂರುಗಳು. ಮೊದಲನೆಯದರಲ್ಲಿ ದುಂಡು ಕೆನ್ನೆಯ ಹುಡುಗಿ ಬಿಗಿದ ಕೋಟಿನಲ್ಲಿ ತಿರುಗಿ, “ಸಾಕಾ ಸಣ್ಣತ್ತೆ? ಉಸಿರು ಬಿಡ್ಲಾ?” ಎನ್ನುತ್ತಿದ್ದಳು. ಆಮೇಲಿನದರಲ್ಲಿ ಕೆನ್ನೆ ಇಳಿದಿತ್ತು. ಅದರ ಆಮೇಲೆ ಕಣ್ಣು ಒಳಗೆ ಹೋಗಿತ್ತು. ಪ್ರತಿ ಚೂರಿನಲ್ಲೂ ಅವಳು ಕ್ಯಾಮೆರಾದ ಪಕ್ಕಕ್ಕೆ, ಅಮ್ಮ ಕೂತಿದ್ದ ಕಡೆಗೆ ತಿರುಗುತ್ತಿದ್ದಳು.

“ಅಮ್ಮಾ, ಈಗ ಸಣ್ಣಗಿದೀನಾ?”

ಕಾಣದ ಕಡೆಯಿಂದ ಒಂದು ದನಿ ಬರುತ್ತಿತ್ತು. ಪ್ರೀತಿ ತುಂಬಿದ ದನಿ. “ಹೂಂ ಮುತ್ತೂ. ಈಗ ಸರಿಯಾಗಿದೀಯ.”

ಕೊನೆಯದರಲ್ಲಿ ಹುಡುಗಿ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. “ಅಮ್ಮಾ, ಹಸಿವಾಗ್ತಿದೆ,” ಎಂದಳು, ಸಣ್ಣಗೆ. ಅದೇ ದನಿ ಹೇಳಿತು: “ಮುತ್ತು ಹಾಗೆಲ್ಲ ಹಟ ಮಾಡ್ತಿರಲಿಲ್ಲ.”

ಅಮ್ಮ ಕೈ ಚಾಚಿ ಲ್ಯಾಪ್‌ಟಾಪ್ ಮುಚ್ಚಿದಳು. ಆ ದನಿ ತನ್ನದೇ ಎಂದು ಒಪ್ಪಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು.

ಆ ದಿನ ಯಾರೂ ಗುಂಡುವಿಗೆ ಕೋಟು ತೊಡಿಸಲಿಲ್ಲ. ಅದರಿಂದಲೇ ಅವಳಿಗೆ ಭಯವಾಯಿತು. ಅಜ್ಜಿ ಗಂಜಿಯ ಬಟ್ಟಲು ಹಿಡಿದು ಕೂತರೆ ತುಟಿ ಬಿಗಿದುಕೊಂಡಳು.

“ಒಂದೇ ಒಂದು ಚಮಚ ಕಂದ.”

“ಸಿನಿಮಾ ಮುಗೀತಾ ಅಜ್ಜಿ?”

“ಮುಗೀತು. ಇನ್ನು ಸಣ್ಣಗಿರೋದು ಬೇಡ.”

“ಹಾಗಾದ್ರೆ ಅಮ್ಮ ಮತ್ತೆ ಗೋಡೆ ಕಡೆ ಮಲಗ್ತಾಳಲ್ಲ.”

ಮಲಗುವುದಿಲ್ಲ ಎಂದು ಹೇಳುವುದು ಸುಲಭವಿತ್ತು. ಆದರೆ ಅದನ್ನು ಹೇಳಬೇಕಾದವಳು ಅಜ್ಜಿಯಲ್ಲ. ಹೇಳಬೇಕಾದವಳು ಒದ್ದೆ ಮುಖದಲ್ಲಿ ಬಾಗಿಲ ಆಚೆ ನಿಂತಿದ್ದಳು, ಕೇಳಿಸಿಕೊಂಡಳು, ಒಳಗೆ ಬರಲಿಲ್ಲ. ಆ ರಾತ್ರಿ ಗುಂಡು ಏನನ್ನೂ ನುಂಗಲಿಲ್ಲ. ಬೆಳಗಾದರೆ ಆಸ್ಪತ್ರೆಗೆ ಸೇರಿಸುವುದೆಂದು ಅಪ್ಪ ಚೀಲಕ್ಕೆ ಬಟ್ಟೆ ತುಂಬಿದ.

ಬೆಳಿಗ್ಗೆ ಅಜ್ಜಿ ಏಳುವ ಮೊದಲೇ ಒಲೆ ಉರಿಯುತ್ತಿತ್ತು. ಅಮ್ಮ ಅನ್ನ ಬೇಯಿಸಿದ್ದಳು, ಬೇಳೆ ಬೇಯಿಸಿದ್ದಳು. ಎಷ್ಟೋ ಕಾಲದ ಮೇಲೆ ಅವಳೊಬ್ಬಳೇ ಮಾಡಿದ ಅಡುಗೆ. ಒಂದು ತಟ್ಟೆಗೆ ಬಡಿಸಿಕೊಂಡು ಗುಂಡುವಿನ ಎದುರು ನೆಲದ ಮೇಲೆ ಕೂತಳು.

“ಗುಂಡೂ,” ಎಂದಳು.

ಹುಡುಗಿ ತಲೆಯೆತ್ತಿದಳು, ಆದರೆ ಹೂಂ ಅನ್ನಲಿಲ್ಲ. ಯಾರನ್ನು ಕರೆದದ್ದು ಎಂಬಂತೆ ನೋಡಿದಳು.

“ಗುಂಡೂ, ನಿನ್ನನ್ನೇ. ಮುತ್ತು ಹೋದ್ಲು. ಅವಳಿಗೋಸ್ಕರ ನನಗೆ ಅಳು ಬಂದ್ರೆ ಅಳ್ತೀನಿ. ಅದು ನಿನ್ನ ತಪ್ಪಲ್ಲ. ಅತ್ತ ಮೇಲೆ ಎದ್ದು ಅಡುಗೆ ಮಾಡ್ತೀನಿ. ನೋಡು, ಮಾಡಿದೀನಿ.”

“ನೀನು ತಿಂತೀಯಾ?” ಎಂದಳು ಗುಂಡು.

ಅಮ್ಮ ಎಲ್ಲರ ಊಟವೂ ಆದ ಮೇಲೆ ಒಲೆಯ ಹತ್ತಿರ ನಿಂತು ಏನನ್ನೋ ಬಾಯಿಗೆ ಹಾಕಿಕೊಳ್ಳುವವಳು. ಅವಳು ಕೂತು ಉಂಡದ್ದನ್ನು ಆ ಮಗು ಕಂಡೇ ಇರಲಿಲ್ಲ. ಅಮ್ಮ ಒಂದು ತುತ್ತು ಕಲಸಿ ಬಾಯಿಗಿಟ್ಟಳು. ಗುಂಡು ರೆಪ್ಪೆ ಬಡಿಯದೆ ಅವಳ ಗಂಟಲನ್ನೇ ನೋಡುತ್ತಿದ್ದಳು. ಅಪ್ಪ ಚೀಲ ಹಿಡಿದು ಹೊಸಲಿನಲ್ಲಿ ನಿಂತಿದ್ದ. ಅಮ್ಮ ಕಣ್ಣು ಮುಚ್ಚಿ ನುಂಗಿದಳು. ಇನ್ನೊಂದು ತುತ್ತು ಕಲಸಿದಳು, ಅದನ್ನೂ ನುಂಗಿದಳು.

ಮೂರನೆಯದನ್ನು ಗುಂಡುವಿನ ಮುಂದೆ ಹಿಡಿದಳು. ಕೈ ಅಲ್ಲೇ ಇತ್ತು. ಬೀದಿಯಲ್ಲಿ ಹಾಲಿನವನ ಸೈಕಲ್ ಬಂದು ಹೋಯಿತು. ಗುಂಡು ಬಾಯಿ ತೆರೆದಳು. ನಿಧಾನವಾಗಿ ಅಗಿದಳು, ಅಗಿಯುತ್ತಲೇ ಹುಬ್ಬು ಗಂಟಿಕ್ಕಿದಳು. ಅಜ್ಜಿ ಮನಸ್ಸಿನಲ್ಲೇ ದೇವರನ್ನು ಕರೆದಳು.

“ಥೂ! ಇದಕ್ಕೆ ಉಪ್ಪೇ ಹಾಕಿಲ್ಲ,” ಎಂದಳು ಗುಂಡು. “ನಂಗೆ ಅಜ್ಜಿ ಮಾಡಿದ್ದೇ ಬೇಕು!”

“ಕೊಬ್ಬು ನೋಡು ಇವಳಿಗೆ!” ಎಂದು ಅಜ್ಜಿ ಬೈದಳು. ಬೈಯುತ್ತಲೇ ಉಪ್ಪಿನ ಡಬ್ಬಿಗೆ ಓಡಿದಳು. ಆದರೆ ಮುಚ್ಚಳವನ್ನು ತಾನು ತೆಗೆಯಲಿಲ್ಲ. ಡಬ್ಬಿಯನ್ನು ಹಾಗೇ ತಂದು ಸೊಸೆಯ ತೊಡೆಯ ಮೇಲಿಟ್ಟಳು.